ಕಾಲು ನೋಡಿ ಮಾತಾಡಿಸುವ ಯಜಮಾನರು

ನಮ್ಮ ಯಜಮಾನರು ಮೊದಲು ಮನುಷ್ಯನ ಕಾಲು ನೋಡುತ್ತಾರೆ, ಆಮೇಲೆ ಮುಖ. ಎದುರಿಗೆ ಮಂತ್ರಿಯೇ ಬಂದು ನಿಂತರೂ ಅವರ ದೃಷ್ಟಿ ನೆಲಕ್ಕಿಳಿದು, ಹಿಮ್ಮಡಿ ಯಾವ ಕಡೆ ಸವೆದಿದೆ, ಕಿರುಬೆರಳು ಎಲ್ಲಿ ಒತ್ತುತ್ತಿದೆ ಎಂಬುದನ್ನೆಲ್ಲ ವಿಚಾರಿಸಿಕೊಂಡು, ನಿಧಾನವಾಗಿ ಮೇಲೇರಿ ಬರುತ್ತದೆ. ಇದನ್ನು ವಿನಯವೆಂದು ಹಿಗ್ಗಿದವರುಂಟು, ಸೊಕ್ಕೆಂದು ಉರಿದವರುಂಟು. ಎರಡೂ ಅಲ್ಲ, ಅದು ಬೂಟಿನ ಅಂಗಡಿಯವರ ಕಣ್ಣು. ಜನರ ಹೆಸರು ಅವರ ತಲೆಯಲ್ಲಿ ನಿಲ್ಲುವುದಿಲ್ಲ, ಬೂಟಿನ ನಂಬರು ಮಾತ್ರ ಮರೆಯುವುದಿಲ್ಲ. ಅಂಗಡಿಯ ಹಿಂಭಾಗದಲ್ಲಿ ಅಟ್ಟೆ ಹೊಲಿಯುವ ನಾನು ಅವರ ಬಾಯಲ್ಲಿ ಬರೀ 'ಏಳು'. "ಮದುವೆ ದಿನ ಇವರು ಮೊದ್ಲು ನೋಡಿದ್ದು ನನ್ನ ಚಪ್ಪಲೀನ. ಮುಖದ ತನಕ ಬರೋಕೆ ಸಾಯಂಕಾಲ ಆಯ್ತು" ಎಂದು ಅವರ ಮನೆಯಾಕೆ, ನಾನು ಅಕ್ಕ ಎನ್ನುವವರು, ಇಂದಿಗೂ ಆಡಿಕೊಳ್ಳುತ್ತಾರೆ.

ಗಡಿ ದಾಟಿ ಈ ಊರಿಗೆ ಬಂದಾಗ ಅವರು ಮೆಟ್ಟಿದ್ದು ಅಣ್ಣನ ಬೂಟು. ಅಳತೆಗೆ ದೊಡ್ಡದು, ತುದಿಗೆ ಹಳೆಯ ಬಟ್ಟೆ ತುರುಕಿ, ಕಳಚದಂತೆ ಹಿಮ್ಮಡಿ ಎಳೆದೆಳೆದು ನಡೆದದ್ದು. ಆ ನಡಿಗೆ ಮತ್ತೆ ಬಿಡಲಿಲ್ಲ. ಸ್ವಂತ ಅಂಗಡಿ ಬಂದು, ಪಾದಕ್ಕೊಪ್ಪುವ ಬೂಟು ಬಂದು, ಚರಂಡಿ ನೀರು ಅಂಗಡಿಗೆ ನುಗ್ಗಿದ ವರ್ಷ ನಗರಪಾಲಿಕೆಗೆ ಜಗಳಕ್ಕೆ ಹೋದವರು ಸದಸ್ಯರಾಗಿ ಕೊನೆಗೆ ಮೇಯರೇ ಆದ ಮೇಲೂ, ಕಲ್ಲುಹಾಸಿನ ಮೇಲೆ ಆ ಎಳೆತ ಕೇಳಿಸಿದರೆ ಸಾಕು, ಗುಮಾಸ್ತರು ಚಹಾ ಬಿಟ್ಟು ಏಳುತ್ತಿದ್ದರು. ಮೈಮೇಲೆ ಅದೇ ಮಾಸಲು ಕಂದು ಕೋಟು. ಬೇರೆಯವರು ಪೆನ್ನು ಸಿಕ್ಕಿಸುವ ಎದೆಯ ಕಿಸೆಯಲ್ಲಿ, ಬೂಟಿನೊಳಗೆ ಹಿಮ್ಮಡಿ ಜಾರಿಸುವ ಹಿತ್ತಾಳೆಯ ಪಟ್ಟಿ.

ಹೊಸ ಬೂಟು ಹಾಕಿಸಿ ಅವರು ಗಿರಾಕಿಗೆ ಹೇಳುವುದು ಒಂದೇ ಮಾತು: "ನಡೆದು ನೋಡಿ." ಮೇಯರಾದಾಗ ಕಾಲುದಾರಿಯ ನಕ್ಷೆ ಹಿಡಿದು ಬಂದ ಎಂಜಿನಿಯರಿಗೂ ಅದನ್ನೇ ಹೇಳಿದರು. "ಸಾರ್, ನಕ್ಷೇಲಿ ಎಲ್ಲಾ ಇದೆ" ಎಂದರೆ, "ನಕ್ಷೆಗೆ ಕಾಲಿಲ್ಲವಲ್ಲಪ್ಪ, ಬಾ" ಎಂದು ಮಾರ್ಕೆಟ್ಟಿನಿಂದ ಆಸ್ಪತ್ರೆಯವರೆಗೂ ನಡೆಸಿಕೊಂಡು ಹೋದರು. ಇಂದು ಆ ದಾರಿಯಲ್ಲಿ ಮುದುಕಿಯರು ಗೋಡೆ ಹಿಡಿಯದೆ ಆಸ್ಪತ್ರೆಗೆ ಹೋಗುತ್ತಾರೆ. ಅದನ್ನು ಕಂಡಾಗಲೆಲ್ಲ ನನ್ನೆದೆ ಒಂದು ಗೇಣು ಉಬ್ಬುತ್ತದೆ, ಸುಳ್ಳೇಕೆ ಹೇಳಲಿ.

ಆಮೇಲೆ ಶಾಸನಸಭೆಯ ಚುನಾವಣೆ ಬಂತು. ಅವರ ಹಿಂದೆ ಗಡಿ ದಾಟಿ ಬಂದು ತಗಡಿನ ಮನೆಗಳಲ್ಲಿದ್ದವರಿಗೆ ನೆಲದ ಹಕ್ಕು ಕೊಡಿಸುವುದು ಮೇಯರರ ಕೈಲಾಗದ ಕೆಲಸ. ಅದಕ್ಕೆ ಕಾನೂನೇ ಬದಲಾಗಬೇಕು. ಆ ಕಾರಣಕ್ಕೇ ನಿಂತರು. ಎದುರಾಳಿ, ಚೌಕದಲ್ಲಿ ತಾತನ ಪ್ರತಿಮೆ ಇರುವ ಮನೆತನದವನು. ನಮ್ಮ ಅಂಗಡಿಯಲ್ಲಿ ಅವನು 'ಎಂಟೂವರೆ'. ಯಜಮಾನರು ಗಿರಾಕಿಯೊಬ್ಬನ ಮುಂದೆ ಮಂಡಿಯೂರಿ ಬೂಟು ತೊಡಿಸುವ ಫೋಟೋವನ್ನು ಅವನು ಗೋಡೆಗೋಡೆಗೆ ಹಚ್ಚಿಸಿದ. "ಎಲ್ಲಿಂದಲೋ ಬಂದು ಕಂಡವರ ಕಾಲ ಬುಡದಲ್ಲಿ ಕೂರೋನು ಬೇಕಾ, ನೆಟ್ಟಗೆ ನಿಲ್ಲೋನು ಬೇಕಾ?" ಎಂದು ಹೋದಲ್ಲೆಲ್ಲ ಕೂಗಿದ.

ನನ್ನ ಪಿತ್ತ ನೆತ್ತಿಗೇರಿತು. ಏಕೆಂದರೆ ಎಂಟೂವರೆಯ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಬೂಟಿನೊಳಗೆ ಕಾರ್ಕಿನ ಮೆತ್ತೆ ಇಟ್ಟು ಅವನನ್ನು ನೆಟ್ಟಗೆ ನಿಲ್ಲಿಸಿದ್ದು ನಮ್ಮ ಅಂಗಡಿ. ಆ ಮೆತ್ತೆ ಕೊಯ್ದದ್ದು ಈ ಕೈ. ಅದು ಗೊತ್ತಿದ್ದದ್ದು ಅವನೂ ಸೇರಿ ನಮ್ಮ ಮೂವರಿಗೆ ಮಾತ್ರ. ಬಟ್ಟೆಯಲ್ಲಿ ಸುತ್ತಿದ ಬೂಟು ಯಾವಾಗಲೂ ಹಿಂಬಾಗಿಲಿನಿಂದಲೇ ಬರುತ್ತಿತ್ತು.

"ನಾಳೆ ಚೌಕದ ಸಭೇಲಿ ಹೇಳ್ಬಿಡ್ತೀನಿ ಯಜಮಾನ್ರೇ. ಅವನ ನೆಟ್ಟಗೆ ಎಲ್ಲಿ ತಯಾರಾಗುತ್ತೆ ಅಂತ ಊರಿಗೇ ಗೊತ್ತಾಗ್ಲಿ!"

"ಬಾಯ್ ಮುಚ್ಚು, ಏಳು. ನನ್ನ ಮುಂದೆ ಬೂಟು ಬಿಚ್ಚಿದೋನು ನನ್ನ ನಂಬಿ ಬಿಚ್ಚಿದಾನೆ."

"ಸೋತ್ರೆ? ಆ ತಗಡಿನ ಮನೆಯೋರ ಗತಿ?"

"ಸೋತ್ರೆ ಇನ್ನೊಂದ್ಸಲ ನಿಲ್ತೀನಿ. ಇದನ್ನ ಹೇಳಿ ಗೆದ್ರೆ, ಇಲ್ಲಿ ಮತ್ತೆ ಮಂಡಿಯೂರೋ ಮುಖ ಇರಲ್ಲ ನಂಗೆ."

ಚೌಕದ ಸಭೆಯಲ್ಲಿ ಇಬ್ಬರೂ ಒಂದೇ ವೇದಿಕೆಯ ಮೇಲೆ. ಎಂಟೂವರೆ ಮಾತಿನ ಭರದಲ್ಲಿ, "ಇದು ನನ್ನ ನೆಲ!" ಎಂದು ಎಡಗಾಲನ್ನು ಹಲಗೆಗೆ ಅಪ್ಪಳಿಸಿದ. ಬೂಟಿನೊಳಗೆ ಮೆತ್ತೆ ಸರಿಯಿತು. ಅವನ ಭುಜ ವಾಲಿತು, ಮುಖ ಬೆಳ್ಳಗಾಯಿತು. ಮೈಕು ಹಿಡಿದುಕೊಂಡು ನಿಂತುಬಿಟ್ಟ. ಇನ್ನೊಂದು ಹೆಜ್ಜೆ ಇಟ್ಟರೆ ಅವನು ಕುಂಟುವುದನ್ನು ಊರೆಲ್ಲ ನೋಡುವುದಿತ್ತು. ಹೆಜ್ಜೆ ಇಡಲಿ ಎಂದು ನಾನು ಹಲ್ಲು ಕಚ್ಚಿ ಕಾದೆ.

ಕಾಲು ನೋಡುವ ಮನುಷ್ಯ ನಮಗಿಂತ ಮೊದಲೇ ನೋಡಿಯಾಗಿತ್ತು. ಹಿಮ್ಮಡಿ ಎಳೆಯುತ್ತ ಎದ್ದು ಬಂದರು; ಇಡೀ ಊರಿನೆದುರು, ಗೋಡೆಯ ಮೇಲಿನ ಆ ಫೋಟೋದಲ್ಲಿದ್ದಂತೆಯೇ, ವೈರಿಯ ಮುಂದೆ ಮಂಡಿಯೂರಿದರು. ಜನ ಹೋ ಎಂದು ನಕ್ಕರು, ಅವನ ಕಡೆಯವರು ಶಿಳ್ಳೆ ಹೊಡೆದರು. ಕೋಟಿನ ಮರೆಯಲ್ಲಿ ಬೂಟು ಸಡಿಲಿಸಿ, ಎರಡು ಬೆರಳಲ್ಲಿ ಮೆತ್ತೆ ಸರಿಪಡಿಸಿ, ಹಿತ್ತಾಳೆ ಪಟ್ಟಿಯಿಂದ ಹಿಮ್ಮಡಿ ಜಾರಿಸಿ, ಲೇಸು ಬಿಗಿದು, ಮೇಲೆ ನೋಡಿ ಅಂದರು: "ನಡೆದು ನೋಡಿ." ಅವನು ನಡೆದ. ನೆಟ್ಟಗೆ.

"ಲೇಸು ಬಿಚ್ಚಿತ್ತು, ಅಷ್ಟೇ" ಎಂದು ಮೈಕಿನಲ್ಲಿ ಹೇಳಿ ತಮ್ಮ ಕುರ್ಚಿಗೆ ಹೋದರು. ನಾನು ಸಿಟ್ಟಿಗೆ ಆ ಸಂಜೆ ಅವರನ್ನು ಮಾತಾಡಿಸಲಿಲ್ಲ.

ಗೆದ್ದರು, ಕೂದಲೆಳೆಯಲ್ಲಿ. ಜನ ಯಾಕೆ ಓಟು ಹಾಕಿದರೆಂದು ಈಗಲೂ ಚೌಕದಲ್ಲಿ ಜಗಳ ನಡೆಯುತ್ತದೆ. ತಗಡಿನ ಮನೆಗಳ ಜಾಗದಲ್ಲಿ ಇಂದು ಇಟ್ಟಿಗೆಯ ಮನೆಗಳಿವೆ. ನಾನು ಹೇಳಬೇಕಾದದ್ದು ಬೇರೆ: ಗೆದ್ದ ಮೇಲಿನ ಒಂದು ಬೆಳಗ್ಗೆ, ಅಂಗಡಿ ತುಂಬ ಜನರಿರುವಾಗ, ಎಂಟೂವರೆ ಮುಂಬಾಗಿಲಿನಿಂದ ಬಂದ. ಬೆಂಚಿನ ಮೇಲೆ ಕೂತು, ಎಲ್ಲರೆದುರು ತಾನೇ ಎಡಗಾಲಿನ ಬೂಟು ಬಿಚ್ಚಿ, "ಮೆತ್ತೆ ಸವೆದಿದೆ, ಹೊಸದು ಹಾಕಿ" ಎಂದ. ಶಾಸಕರು ಮಂಡಿಯೂರಿದರು.

ಇಲ್ಲೇ ಹುಟ್ಟಿದ ನಮ್ಮಂಥವರು ನೆಲ ನಮ್ಮಪ್ಪನದೆಂದು ಮೆಟ್ಟಿಕೊಂಡು ನಡೆಯುತ್ತೇವೆ. ದೂರದಿಂದ, ಇನ್ನೊಬ್ಬರ ಬೂಟಿನಲ್ಲಿ ಬಂದವರಿಗೆ ಊರೆಂಬುದು ಸ್ವತ್ತಲ್ಲ, ಯಾರಿಗೆ ಎಲ್ಲಿ ಒತ್ತುತ್ತಿದೆಯೆಂದು ಬಗ್ಗಿ ನೋಡಬೇಕಾದ ದಿನನಿತ್ಯದ ಕೆಲಸ. ಬಗ್ಗಿದವರು ಚಿಕ್ಕವರಾಗುತ್ತಾರೆಂದು ಯಾರಾದರೂ ನನ್ನೆದುರು ಅನ್ನಲಿ, ನೋಡೋಣ. ನಮ್ಮೂರು ನೆಟ್ಟಗೆ ನಿಂತಿದ್ದರೆ, ಅದು ಅಂಥವರು ಬಗ್ಗಿದ್ದರಿಂದ.