ಇಬ್ಬರು ಕೊಟ್ರಬಸಮ್ಮರು, ಒಂದು ಮೋಟಾರ್ ಸೀಟು

ಕೊಟ್ಟೂರಿನ ಯಾವುದೇ ಓಣಿಯಲ್ಲಿ ನಿಂತು ‘ಕೊಟ್ರಬಸಮ್ಮಾ’ ಎಂದು ಒಮ್ಮೆ ಕೂಗಿ ನೋಡಿ, ನಾಲ್ಕು ಮನೆಯ ಬಾಗಿಲು ತೆರೆಯುತ್ತವೆ. ಊರ ದೇವರ ಹೆಸರು ಬಿಟ್ಟು ಬೇರೆ ಹೆಸರಿಡುವ ಧೈರ್ಯ ಹಿರಿಯರಿಗೆ ಇರಲಿಲ್ಲ. ಇದರಿಂದ ದೇವರಿಗೆ ಸಂತೋಷವೇ ಆಗಿರಬಹುದು, ಪಟ್ಟಿ ಬರೆಯುವ ಗುಮಾಸ್ತರ ಪಾಡನ್ನು ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಕೊಟ್ರಬಸಮ್ಮ ಐವತ್ತೆರಡರ ಹೆಂಗಸು. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ಜೋಳ ಬೀಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಮೋಟಾರು ಸುಟ್ಟುಹೋದರೆ ಹೊಸಪೇಟೆಯ ಮೆಕ್ಯಾನಿಕ್‌ನ ದಾರಿ ಕಾಯಬೇಕು. ಅವನು ಇವತ್ತು ಬಂದೆ, ನಾಳೆ ಬಂದೆ ಎನ್ನುತ್ತ ಎಂಟು ದಿನ ತಳ್ಳುವನು. ಕೊನೆಗೊಮ್ಮೆ ಬಂದು ಮುಚ್ಚಳ ಬಿಚ್ಚುವಾಗ ಇವಳು ಇಣುಕಿದರೆ, “ಇದೆಲ್ಲ ನಿಮಗ ತಿಳಿಯಂಗಿಲ್ರಿ, ಚಾ ತರ್ರಿ” ಅನ್ನುವನು. ಚಹಾ ಕೊಡುತ್ತಿದ್ದಳು, ಸಿಟ್ಟು ಮಾತ್ರ ಒಳಗೇ ಕುದಿಯುತ್ತಿತ್ತು.

ಹೀಗಿರುವಾಗ ಊರಿನ ಕಲಿಕಾ ಕೇಂದ್ರದಲ್ಲಿ ದೊಡ್ಡವರಿಗೆ ಸಂಜೆ ಕ್ಲಾಸು ಶುರುವಾಗುವ ಸುದ್ದಿ ಬಂತು. ಓದು ಬರಹ, ಹೊಲಿಗೆ, ಮೊಬೈಲು, ಮೋಟಾರು ರಿಪೇರಿ, ಒಬ್ಬರಿಗೆ ಒಂದೇ. ಸೊಸೆ ಗಂಗಾಂಬಿಕಾ, “ಹೊಲಿಗಿ ಹಿಡೀರಿ ಅತ್ತಿ, ಕುಂತಲ್ಲೇ ಆಗ್ತೈತಿ” ಎಂದಳು. ಕೊಟ್ರಬಸಮ್ಮ ಹೂಂ ಎಂದು ತಲೆಯಾಡಿಸಿದಳು. ಹೋಗಿ ಮೋಟಾರಿಗೆ ಹೆಸರು ಬರೆಸಿ ಬಂದಳು.

ಸೋಮವಾರ ಪಟ್ಟಿ ನೋಡಿದರೆ ಅವಳ ಹೆಸರು, ಗಿರಣಿಯ ವಿಳಾಸದ ಸಮೇತ, ಹೊಲಿಗೆಯ ಕೆಳಗಿತ್ತು! ಮೋಟಾರಿನ ಕೆಳಗೆ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯ ಇನ್ನೊಬ್ಬ ಕೊಟ್ರಬಸಮ್ಮ ಇದ್ದಳು.

ಗುಮಾಸ್ತ ಗುರುಬಸವರಾಜ ಅರ್ಜಿಗಳನ್ನು ತೆಗೆದು ನೋಡಿ ನಾಲಿಗೆ ಕಚ್ಚಿಕೊಂಡ. “ಅದಲಿಬದಲಿ ಆಗೈತ್ರಿ. ಒಂದ ದಿನ ಇಬ್ರು ಕೊಟ್ರಬಸಮ್ಮ ಬಂದ್ರ ನಾನೇನ್ ಮಾಡ್ಲಿ? ಮೋಟಾರ್‌ದು ಇಪ್ಪತ್ತೂ ಸೀಟು ತುಂಬ್ಯಾವ. ಆಕಿ ಬಂದು ಇವತ್ತ ಸಂಜಿ ಐದರೊಳಗ ಸಹಿ ಮಾಡಿದ್ರ ಬದಲಿ ಮಾಡ್ತೀನಿ. ನಾಳಿಗೆ ಕ್ಲಾಸ್ ಶುರು, ಆಮ್ಯಾಲೆ ಆಗಂಗಿಲ್ಲ.”

ಕೊಟ್ರಬಸಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಆ ಓಣಿಯಲ್ಲಿ ಮೊದಲು ಸಿಕ್ಕ ಕೊಟ್ರಬಸಮ್ಮನಿಗೆ ತೊಂಬತ್ತು ವರ್ಷ. ಎರಡನೆಯವಳು ಇನ್ನೂ ತೊಟ್ಟಿಲಲ್ಲಿದ್ದಳು. ಮೂರನೆಯವಳು ಇಪ್ಪತ್ತೆರಡರ ಹೊಸ ಸೊಸೆ, ಅವಳೇ ಬೇಕಾದವಳು. ವಿಷಯ ಕೇಳಿ ಜೊತೆಗೆ ಬಂದಳು. ಆದರೆ ಸಹಿ ಮಾಡಲು ಪೆನ್ನು ಹಿಡಿದವಳ ಕೈ ಅಲ್ಲೇ ನಿಂತಿತು.

“ಏನಾತು ತಂಗಿ?”

“ಹೊಲಿಗಿ ನಮ್ಮತ್ತಿ ಬರಿಸಿದ್ದು ರೀ. ಸಾಲ್ಯಾಗ ಕರೆಂಟಿನ ಪಾಠ ಅಂದ್ರ ನನಗ ಜೀವ. ಪಟ್ಟಿಯಾಗ ಮೋಟಾರ್ ಅಂತ ನೋಡಿ ಭಾಳ ಖುಷಿಯಾಗಿತ್ತು. ಇರ್ಲಿ ಬಿಡ್ರಿ, ಸೀಟು ನಿಮ್ಮದು.” ಹುಡುಗಿ ಮತ್ತೆ ಬಗ್ಗಿದಳು.

ಕೊಟ್ರಬಸಮ್ಮನಿಗೆ ಮೈಯೆಲ್ಲ ಉರಿಯಿತು. ಸೀಟು ತನ್ನದು, ನ್ಯಾಯವೂ ತನ್ನದು, ಐದಕ್ಕೆ ಹತ್ತೇ ನಿಮಿಷ ಬಾಕಿ. ಸುಮ್ಮನೆ ನಿಂತಿದ್ದರೂ ಸಾಕಿತ್ತು. ಆದರೆ ಈ ಹುಡುಗಿಗೂ ನಾಳೆ ಯಾರೋ ಒಬ್ಬ ಚಹಾ ತರಲು ಹೇಳುತ್ತಾನಲ್ಲ ಅನಿಸಿ, ಪೆನ್ನು ಕಸಿದುಕೊಂಡಳು.

“ಮಾಡಬ್ಯಾಡ. ನೀನ ಕಲಿ.” ಗುಮಾಸ್ತನ ಕಡೆ ತಿರುಗಿ, “ಆ ಹೊಲಿಗಿ ಸೀಟೂ ನನಗ ಬ್ಯಾಡ್ರಿ. ಬೇಕಾದವ್ರಿಗೆ ಕೊಡ್ರಿ” ಎಂದಳು. ಸೆರಗಿನಿಂದ ಕಣ್ಣೊತ್ತಿಕೊಂಡು ಬಾಗಿಲ ಕಡೆ ಹೊರಟಳು.

“ನನಗ ಕೊಡ್ರಿ!”

ಎಲ್ಲರೂ ತಿರುಗಿ ನೋಡಿದರು. ಫೋಟೊ ಕೊಡಲು ಬಂದು ಬೆಂಚಿನ ಮೇಲೆ ಕುಳಿತಿದ್ದ ಮಾರುಕಟ್ಟೆಯ ಹಮಾಲಿ ಗಂಗಾಧರ ಎದ್ದು ನಿಂತಿದ್ದ. ಆಳೆತ್ತರದ ಮನುಷ್ಯ, ಹುರಿಮೀಸೆ.

“ಮೂರು ಹೆಣ್ಮಕ್ಳು ಅದಾವ್ರಿ ನನಗ. ಅವರ ಲಂಗ ನನ್ನ ಕೈಯಾರೆ ಹೊಲೀಬೇಕಂತ ಆಸಿ. ಹೆಸರು ಬರಸೂವಾಗ ಹಿಂದ ನಮ್ಮ ಹಮಾಲ್ರ ನಿಂತಿದ್ರು. ನಾಚಿಕಿ ಬಂದು ಮೋಟಾರ್ ಅಂದುಬಿಟ್ಟೆ. ನನ್ನ ಸೀಟು ಅಕ್ಕಾರಿಗೆ ಕೊಡ್ರಿ, ಪುಣ್ಯ ಬರ್ತೈತಿ!”

ಮೊದಲು ನಕ್ಕವನು ಗಂಗಾಧರನೇ. ಗುರುಬಸವರಾಜ ಬದುಕಿದೆಯಾ ಬಡಜೀವವೇ ಎಂದು ಹೊಸ ಪಟ್ಟಿ ಬರೆದು ಮುಂದಿಟ್ಟ.

ಕೊಟ್ರಬಸಮ್ಮ ಮೋಟಾರ್ ಕ್ಲಾಸು ಎಂಬ ಅಕ್ಷರಗಳನ್ನು ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಸಹಿ ಮಾಡಿದಳು. ಸಂತೋಷ ಉಕ್ಕಿ ಸಹಿ ಎಷ್ಟು ದೊಡ್ಡದಾಯಿತೆಂದರೆ ಅದು ಕೆಳಗಿನ ಸಾಲಿಗೂ ಇಳಿಯಿತು.

“ಅಕ್ಕಾರ, ಸಣ್ಣಗ ಮಾಡ್ರಿ! ಅದು ಇನ್ನೊಬ್ರ ಜಾಗ” ಎಂದು ಗುಮಾಸ್ತ ಕೂಗಿಕೊಂಡ.

“ಅದು ನನ್ನ ಜಾಗ ರೀ, ಮಾಡ್ಲಿ ಬಿಡ್ರಿ” ಎಂದಳು ಹುಡುಗಿ. ಉಳಿದ ಅಂಚಿನಲ್ಲಿ ತನ್ನ ಸಹಿಯನ್ನು ಒತ್ತಿ ಒತ್ತಿ ತುರುಕಿದಳು.

ಕೊಟ್ರಬಸಮ್ಮ ಕಣ್ಣೊರೆಸಿಕೊಂಡು, ನಾಳೆ ಎಷ್ಟು ಗಂಟೆಗೆ ಬರಬೇಕೆಂದು ಮೂರನೆಯ ಸಲ ಕೇಳಿದಳು.