ಓದದೆ ಬಿಟ್ಟ ಕಾಗದಗಳು

ಟೇಬಲ್ಲು ನಡುಗುತ್ತಿದೆ, ಕಬ್ಬಿನ ಟ್ರ್ಯಾಕ್ಟರು, ಎರಡು ಟ್ರೈಲರಿನದೇ ಇರಬೇಕು, ಕುಂತೂರಿನ ಫ್ಯಾಕ್ಟರಿ ಕಡೆಗೆ, ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಎದ್ದು ಅಂಚಿಗೆ ಬಡಿದು ಅಡಗುತ್ತಿವೆ, ಶಿವನಂಜಯ್ಯ ಅದನ್ನೇ ನೋಡುತ್ತ ಕೂತುಬಿಟ್ಟ, ಕೂರಬಾರದು, ಐದು ಗಂಟೆ ಹತ್ತು ನಿಮಿಷ, ಏಳಕ್ಕೆ ಮುಗಿಯುತ್ತದೆ, ಬೆಳಿಗ್ಗೆ ಏಳರಿಂದ ಸಂಜೆ ಏಳರ ತನಕ ಪರೀಕ್ಷೆ, ಮೂರು ಕಂಪ್ಯೂಟರ್ ಮಿಷನ್ನುಗಳ ಬೀಗ ಒಡೆಯಬೇಕು, ಎರಡು ಮಧ್ಯಾಹ್ನದೊಳಗೇ ಒಡೆದವು, ಮೂರನೆಯದು ಅರ್ಧ ಬಾಗಿಲು ತೆರೆದು ಕಾಲು ಅಡ್ಡ ಇಟ್ಟುಕೊಂಡು ನಿಂತಿದೆ — ಎಲ್ಲೋ ದೂರದಲ್ಲಿವೆಯಂತೆ ಆ ಮಿಷನ್ನುಗಳು, ಪರೀಕ್ಷೆಯವರೇ ಬೇಕೆಂದು ಬಿರುಕು ಬಿಟ್ಟು ಕಟ್ಟಿಟ್ಟವು, ಇಲ್ಲಿ ಕೊಳ್ಳೇಗಾಲದಲ್ಲಿ ಕೂತು ತಂತಿಯ ಮೇಲೆಯೇ ಅಲ್ಲಿಗೆ ಹೋಗಿ, ಬಿರುಕು ಹುಡುಕಿ ಒಳಗಿಳಿದು, ಯಜಮಾನನ ಕೋಣೆಯಲ್ಲಿಟ್ಟಿರುವ ಗುರುತಿನ ಅಕ್ಷರಗಳನ್ನು ತಂದು ತೋರಿಸಬೇಕು, ಅರವತ್ತೊಂದು ತುಂಬಿದ ಮೇಲೆ ಕಳ್ತನ ಕಲೀತಾ ಕೂತಿದ್ದೀರಲ್ಲ ಕಣ್ರಿ ಅಂದಳು ರತ್ನ, ನಗುತ್ತಲೇ ಅಂದದ್ದು, ಅಂದವಳೇ ಬೆಳಿಗ್ಗೆಯಿಂದ ಬಾಗಿಲ ಆಚೆ ಪಾತ್ರೆ ಕೂಡ ಸದ್ದಾಗದ ಹಾಗೆ ಇಡುತ್ತಿದ್ದಾಳೆ, ಕೋಣೆಯೊಳಗೆ ಹೆಂಡತಿಯೂ ಕಾಲಿಡುವ ಹಾಗಿಲ್ಲ, ಮೇಲೆ ಕ್ಯಾಮೆರಾ, ಅದರ ಹಿಂದೆ ಯಾರೋ, ಗಂಡೋ ಹೆಣ್ಣೋ, ಹನ್ನೆರಡು ಗಂಟೆಯೂ ಇವನ ಮುಖ ನೋಡುತ್ತ ಕೂರುವ ಕೆಲಸ, ಅದೆಂಥ ಕೆಲಸವೋ, ಪರದೆಯ ಮೂಲೆಯ ಚೌಕದಲ್ಲಿ ಇವನದೇ ಮುಖ, ಶಿವನಂಜಯ್ಯ ಆ ಕಡೆ ನೋಡುವುದಿಲ್ಲ, ಆಗಲೇ ಎರಡು ಸಲ ಇಂಗ್ಲಿಷಿನಲ್ಲಿ ಸಾಲು ಬಂತು, ಮುಖ ಕಾಣುತ್ತಿಲ್ಲ, ಕ್ಯಾಮೆರಾ ಕಡೆ ತಿರುಗಿ, ತಿರುಗಿದ, ಇನ್ನೇನು ಮಾಡುವುದು, ಆಷಾಢದಲ್ಲಿ ಒಂದು ಸಲ ಪರೀಕ್ಷೆಗೆ ಕೂತು ಫೇಲಾಗಿದೆ, ಇದು ಎರಡನೆಯದು, ಮೂರನೆಯದಕ್ಕೆ, ಕಂಪ್ಯೂಟರು ನೋಡಿಕೊಳ್ಳುವ ಕೆಲಸ ಕೊಟ್ಟಿರುವ ಆಸ್ಪತ್ರೆಯವರು ಕಾಯುವುದಿಲ್ಲ, ತಿಂಗಳ ಕೊನೆಗೆ ಸರ್ಟಿಫಿಕೇಟು ತೋರಿಸಬೇಕು, ಮ್ಯಾನೇಜರು ಒಳ್ಳೆಯ ಹುಡುಗನೇ, ನಿಮ್ ಮೇಲೆ ನಂಬಿಕೆ ಇಲ್ಲ ಅಂತಲ್ಲ ಶಿವನಂಜಯ್ಯನವ್ರೇ, ರೂಲ್ಸು, ರೋಗಿಗಳ ವಿಚಾರ ಎಲ್ಲಾ ಕಂಪ್ಯೂಟರೊಳ್ಗೇ ಇರೋದು, ಕಳ್ರು ಹೇಗ್ ನುಗ್ತಾರೆ ಅಂತ ಗೊತ್ತಿರೋರೇ ಕಾಯ್ಬೇಕಂತೆ, ಕಾಗದ ಇಲ್ದಿದ್ರೆ ಕೆಲ್ಸ ಮೈಸೂರಿನ ಕಂಪನಿಗೆ ಕೊಡ್ಬೇಕಾಗುತ್ತೆ, ಸರಿ ಸಾ ಅಂದ ಇವನು, ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ಆಸ್ಪತ್ರೆಯ ತಂತಿಯನ್ನೂ ಈ ಎರಡು ಕೈಯಲ್ಲೇ ಎಳೆದದ್ದು, ಯಳಂದೂರಿನ ಛಾವಣಿಯಲ್ಲಿ ಇಲಿ ಯಾವ ಮೂಲೆಯಲ್ಲಿ ಕಡಿಯುತ್ತದೆ ಎಂಬುದು ಮೈಸೂರಿನವನಿಗೇನು ಗೊತ್ತು, ಏಳನೇ ಕ್ಲಾಸಿಗೆ ಸ್ಲೇಟು ಇಟ್ಟವನಿಗೆ ಇದೆಲ್ಲ ಯಾಕವ್ವ ಅಂದರೆ ಮಗಳು ಆಶಾರಾಣಿ ಬಿಡಲಿಲ್ಲ, ಅಪ್ಪ, ಇದ್ರಲ್ಲಿ ಪ್ರಶ್ನೆ ಇಲ್ಲ ಉತ್ರ ಇಲ್ಲ, ಬರೀ ಕೈಕೆಲ್ಸ, ನಿನ್ಗೇ ಅಂತ ಮಾಡ್ಸಿಟ್ಟಂಗದೆ — ಎರಡು ವರ್ಷ ಪಕ್ಕದಲ್ಲಿ ಕೂತು ಒಂದೊಂದು ಕಮಾಂಡನ್ನೂ ಹೇಳಿಕೊಟ್ಟಳು, ಇವನು ಇಂಗ್ಲಿಷನ್ನು ಓದುವುದಿಲ್ಲ, ಗುರುತು ಹಿಡಿಯುತ್ತಾನೆ, ದನದ ಹಿಂಡಿನಲ್ಲಿ ತನ್ನ ಹಸುವನ್ನು ಗುರುತು ಹಿಡಿಯುವ ಹಾಗೆ.

ಐದೂ ಇಪ್ಪತ್ತೈದು, ಮತ್ತೆ ಮೊದಲಿಂದ ನೋಡು, ಸಣ್ಣ ಗುಮಾಸ್ತನೊಬ್ಬನ ಹೆಸರಿನಲ್ಲಿ ಒಳಗೆ ಹೋಗಿದ್ದಾಗಿದೆ, ಹಜಾರದಲ್ಲಿ ನಿಂತಿದ್ದೇನೆ, ಯಜಮಾನನ ಕೋಣೆಗೆ ಬೀಗ, ಹಳೆಯ ತಂತ್ರಾಂಶ ನೋಡಿದೆ, ಹೊತ್ತು ಹೊತ್ತಿಗೆ ತಾನಾಗಿ ಓಡುವ ಕೆಲಸಗಳನ್ನು ನೋಡಿದೆ, ಮರೆತು ಬಿಟ್ಟುಹೋದ ಬೀಗದಕೈ ಎಲ್ಲಾದರೂ ಇದೆಯೋ ಎಂದು ನೋಡಿದೆ, ಎಲ್ಲ ನೋಡಿದೆ, ಎಲ್ಲ ನೋಡಿದೆಯಾ, ಆಶಾರಾಣಿ ಹಾಗೇ ಕೇಳುತ್ತಿದ್ದಳು, ಎಲ್ಲಾ ನೋಡ್ದಾ ಅಪ್ಪ, ಸಿಕ್ಕಾಕಂಡ್ರೆ ಬಿಟ್ಟಿರೋದು ಏನೋ ಒಂದು ಇದ್ದೇ ಇರ್ತದೆ — ಬೆರಳು ಮೇಲೆ ಕೆಳಗೆ ಓಡಿ ಒಂದು ಕಡೆ ನಿಂತಿತು, ಆ ಗುಮಾಸ್ತನ ಕಾಗದಗಳು, ಮೇಲ್ ಎಂದು ಹೆಸರಿರುವ ಕಪಾಟು, ಬೆಳಿಗ್ಗೆ ಹನ್ನೊಂದಕ್ಕೇ ಕಣ್ಣಿಗೆ ಬಿದ್ದಿತ್ತು, ಬಿದ್ದದ್ದೂ ಗೊತ್ತು, ದಾಟಿ ಮುಂದೆ ಹೋದದ್ದೂ ಗೊತ್ತು, ಯಾಕೆ ದಾಟಿದೆ ಎಂಬುದು ಮಾತ್ರ ಆಗ ಗೊತ್ತಾಗಲಿಲ್ಲ, ಹೆಂಗಸರು ಸ್ನಾನ ಮಾಡುವ ಕಡೆಯಿಂದ ಕತ್ತು ತಾನಾಗಿ ತಿರುಗುವುದಿಲ್ಲವೇ, ಹಾಗೆ ತಿರುಗಿತು, ಇನ್ನೊಬ್ಬರ ಕಾಗದ, ಆರು ಗಂಟೆ ಕಾಲ ಅದರ ಸುತ್ತಲೇ ಸುತ್ತಿದ್ದೇನೆ, ಹನೂರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ರಾಜಣ್ಣ, ಹಿರಿಯ ಲೈನ್‌ಮ್ಯಾನು, ಬೀಡಿ ಕಚ್ಚಿಕೊಂಡೇ ಅಂದಿದ್ದ, ಲೇ, ತಂತಿ ಒಳ್ಗೆ ಊರೋರ ಸಂಸಾರೆಲ್ಲ ಓಡಾಡ್ತದೆ, ಕೈ ಮಾತ್ರ ಆಕು, ಕಿವಿ ಆಕ್ಬ್ಯಾಡ ಕಣ್ಲಾ, ಕಿವಿ ಆಕ್ದೋನು ಈ ಕೆಲ್ಸಕ್ಕೆ ಆಗಾಕಿಲ್ಲ — ಹಾಕಲಿಲ್ಲ, ಮೂವತ್ತೆರಡು ವರ್ಷ, ಕಂಬ ಹತ್ತಿ ಟೆಸ್ಟ್ ಫೋನು ಸಿಕ್ಕಿಸಿದರೆ ಗೊರಗೊರ ಇದೆಯೋ ಇಲ್ಲವೋ ಅಷ್ಟೇ, ಮಾತು ಕೇಳಿಸಿತೋ ಕಿತ್ತುಬಿಡುವುದು, ಒಂದು ಸಲ ಬಿಟ್ಟು, ಒಂದೇ ಸಲ, ಮಾರ್ಟಳ್ಳಿಯಲ್ಲಿ, ಬೇಡ, ಈಗ ಬೇಡ, ಐದೂ ಮುಕ್ಕಾಲು — ಮಾರ್ಟಳ್ಳಿಗೆಲ್ಲ ಆಗ ಇದ್ದದ್ದು ಎರಡೋ ಮೂರೋ ಫೋನು, ಒಂದು ದಿನಸಿ ಅಂಗಡಿಯಲ್ಲಿ, ಮೆಟ್ಟೂರಿನ ಮಿಲ್ಲಿಗೆ ಹೋದ ಗಂಡಂದಿರು ವಾರಕ್ಕೊಮ್ಮೆ ಅಲ್ಲಿಗೇ ಮಾಡುತ್ತಿದ್ದರು, ಚಿಕ್ಕಮಾದಮ್ಮನ ಗಂಡನದು ಗುರುವಾರ, ಅವಳು ತಲೆ ಬಾಚಿಕೊಂಡು ಬಂದು ಅಂಗಡಿಯ ಜಗುಲಿಯಲ್ಲಿ ಕೂರುವಳು, ತಮಿಳು ಆಡುವ ಗಿರಾಕಿಗಳು ಗಂಡನ ಫೋನು ಬಂತೇ ಎಂದು ಗೇಲಿ ಮಾಡುವರು, ಎನ್ನಮ್ಮಾ, ಮಾಪಿಳ್ಳೈ ಫೋನು ವಂದಾಚ್ಚಾ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುವಳು, ಆ ಗುರುವಾರ ಲೈನು ಕೆಟ್ಟಿತ್ತು, ಇವನು ಅಂಗಡಿಯ ಎದುರಿನ ಕಂಬದ ಮೇಲೆ, ಸರಿಮಾಡಿ ಟೆಸ್ಟ್ ಫೋನು ಸಿಕ್ಕಿಸಿದರೆ ಆಗಲೇ ಮಾತು, ಚಿಕ್ಕಮಾದಮ್ಮನ ಗಂಡ, ಅಂಗಡಿ ಇಟ್ಟಿದ್ದ ತನ್ನ ಅಣ್ಣನ ಹತ್ತಿರ, ನಾ ಬರಾಕಿಲ್ಲಣ್ಣ, ಇಲ್ಲೇ ಮನೆ ಮಾಡ್ಕಂಡಿವ್ನಿ, ಕೂಸೂ ಅದೆ, ಅವ್ಳಿಗೆ ಯೋಳ್ಬ್ಯಾಡ — ಕೀಳಬೇಕಿತ್ತು, ಕೈ ಏಳಲಿಲ್ಲ, ಕೊನೆಯವರೆಗೂ ಕೇಳಿದ, ಇಳಿಯುವ ಹೊತ್ತಿಗೆ ಅವಳು ಆಗ ತಾನೇ ಬಂದು ಕಂಬದ ಬುಡದಲ್ಲಿ ನಿಂತಿದ್ದಳು, ಲೈನ್ ಸರಿಯಾಯ್ತೇನಣ್ಣ, ಇವತ್ ಫೋನ್ ಬತ್ತದೆ, ಸರಿಯಾಗದೆ ಕಣವ್ವ ಅಂದ, ಅಷ್ಟೇ ಅಂದ, ದೇವರಾಣೆಗೂ ಇನ್ನೊಂದು ಮಾತು ಆಡಲಿಲ್ಲ, ಅವಳು ಕತ್ತೆತ್ತಿ ಇವನ ಮುಖ ನೋಡಿದಳು, ನೋಡುತ್ತಲೇ ನಿಂತಳು, ಆಮೇಲೆ ಏನೂ ಕೇಳದೆ ಬಂದ ದಾರಿಯಲ್ಲೇ ತಿರುಗಿ ಹೋದಳು, ಮತ್ತೆ ಯಾವ ಗುರುವಾರವೂ ಬರಲಿಲ್ಲ.

ಆರೂ ಹತ್ತು, ಬಾಗಿಲ ಆಚೆ ರತ್ನ ಕೆಮ್ಮಿದಳು, ಎಷ್ಟಾಯಿತು ಎಂದು ಕೇಳುವ ಕೆಮ್ಮು, ಉತ್ತರ ಕೊಡುವ ಹಾಗಿಲ್ಲ, ಈ ಕಾಗದದವರು ನಿಜದವರಲ್ಲ ಮುದುಕ, ತನಗೆ ತಾನೇ ಅಂದುಕೊಂಡ, ಪರೀಕ್ಷೆಯವರು ಕಟ್ಟಿದ ಗುಮಾಸ್ತ, ಕಟ್ಟಿದ ಕಾಗದ, ಯಾವ ಹೆಣ್ಣೂ ಯಾವ ಜಗುಲಿಯಲ್ಲೂ ಕಾದು ಕೂತಿಲ್ಲ, ತೆಗಿ, ನಿನ್ನ ನೇಮಕ್ಕೆ ಮೂರು ಆಸ್ಪತ್ರೆ ಬಲಿ ಕೊಡುತ್ತೀಯಾ, ಒಳಗೆ ಹೋಗುವ ಕಳ್ಳ ಏನೇನು ಓದಿಯಾನು ಎಂದು ತಿಳಿಯದಿದ್ದರೆ ಆಸ್ಪತ್ರೆಯ ಬಾಗಿಲು ಹೇಗೆ ಕಾಯುತ್ತೀಯ, ಹೌದು, ಅದೂ ಹೌದು, ಬೆರಳಿಗೆ ಬೆವರು, ಪಂಚೆಗೆ ಒರೆಸಿಕೊಂಡ, ತೆಗೆದ, ಒಂಬತ್ತು ಕಾಗದ, ಮೊದಲನೆಯದು ಊಟದ ವಿಚಾರ, ಎರಡನೆಯದು ಯಾರಿಗೋ ಜ್ವರ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾನೆ, ಓದುವಾಗ ಕಿವಿ ಬಿಸಿಯಾಗುತ್ತದೆ, ಕಟ್ಟಿದವನು ಯಾರೋ ಚೆನ್ನಾಗಿ ಕಟ್ಟಿದ್ದಾನೆ, ಜ್ವರದವಳಿಗೆ ವಾಸಿಯಾಯಿತೋ ಇಲ್ಲವೋ ಎಂದು ನೋಡಬೇಕೆನಿಸುತ್ತದೆ, ನೋಡಬಾರದು, ಏಳನೆಯದರಲ್ಲಿ ಇತ್ತು, ಯಜಮಾನ ಬರೆದದ್ದು, ಎರಡು ವಾರ ರಜೆ ಮೇಲೆ ಹೋಗುತ್ತೇನೆ, ನನ್ನ ಗುಪ್ತಪದ ಇದು, ಯಾರಿಗೂ ಹೇಳಬೇಡ — ಆರೂ ಮೂವತ್ತೆರಡು, ಒಂದೊಂದೇ ಅಕ್ಷರ ಒತ್ತಿದ, ಒಂದು ತಪ್ಪಿತು, ಅಳಿಸಿದ, ಮತ್ತೆ ಒತ್ತಿದ, ಪರದೆ ಸುಮ್ಮನಿತ್ತು, ಆಮೇಲೆ ಹೊಸ ಸಾಲು, ಯಜಮಾನನ ಗುರುತಿನ ಸಾಲು, ಕೋಣೆ ತೆರೆಯಿತು, ಅಲ್ಲಿಟ್ಟಿದ್ದ ಅಕ್ಷರಗಳನ್ನು ತಂದು ಇಡಬೇಕಾದ ಕಡೆ ಇಟ್ಟ, ಹಸಿರಾಯಿತು, ಮೂರೂ ಹಸಿರು, ಸಾಕಾಗುತ್ತದೆ, ಸರ್ಟಿಫಿಕೇಟು ಬರುತ್ತದೆ, ಯಳಂದೂರಿನ ಇಲಿ ಇವನಿಗೇ ಉಳಿಯಿತು, ರತ್ನನ್ನ ಕೂಗಬೇಕು, ಮುಗಿಸಿ ಏಳುವ ತನಕ ಕೂಗುವ ಹಾಗಿಲ್ಲ, ನಗು ಬರಬೇಕಿತ್ತು, ತಲೆ ಯಾಕೋ ಕೆಳಗಾಗಿದೆ, ಮತ್ತೆ ಆ ಇಂಗ್ಲಿಷ್ ಸಾಲು, ಮುಖ ಕಾಣುತ್ತಿಲ್ಲ, ದಯವಿಟ್ಟು ಕ್ಯಾಮೆರಾ ಕಡೆ ತಿರುಗಿ, ಎತ್ತಿದ, ದಿನವಿಡೀ ನೋಡದೆ ಬಿಟ್ಟಿದ್ದ ಮೂಲೆಯ ಚೌಕದ ಮೇಲೆ ಕಣ್ಣು ಬಿತ್ತು, ಕೇಳಬಾರದ್ದನ್ನು ಕೇಳಿ ಕೆಳಗಿಳಿದವನ ಮುಖ, ಹೀಗಿತ್ತಾ, ಅವತ್ತು ಹೀಗೇ ಇತ್ತಾ, ಇಷ್ಟು ದೊಡ್ಡದಾಗಿ ಬರೆದಿತ್ತಾ, ಕಂಬದ ಬುಡದಲ್ಲಿ ಚಿಕ್ಕಮಾದಮ್ಮ ಕತ್ತೆತ್ತಿ ನಿಂತಿದ್ದಾಳೆ, ನೋಡುತ್ತಿದ್ದಾಳೆ, ತಿರುಗಿ ಹೋಗುತ್ತಿಲ್ಲ, ನೋಡುತ್ತಲೇ ಇದ್ದಾಳೆ