ಕ್ಷೌರಿಕನ ಬಲಗೈ

ಊರಿನ ಅರ್ಧದಷ್ಟು ಗಂಡಸರ ಕತ್ತು ಅವನ ಕೈಗೆ ಗೊತ್ತಿತ್ತು. ಆದರೆ ಅವನ ಕತ್ತಿನ ಗಂಟನ್ನು ಮೊದಲು ಕಂಡವಳು ಹೆಂಡತಿ. ನಾಲಿಗೆಯ ಅಂಚಿನ ಹುಣ್ಣನ್ನೂ ಕ್ಷೌರಿಕ "ಹಲ್ಲು ತಾಗಿದೆ, ಅಷ್ಟೇ" ಎಂದು ತಿಂಗಳುಗಟ್ಟಲೆ ತಳ್ಳಿಹಾಕಿದ್ದ. ಪರೀಕ್ಷೆ ಮಾಡಿಸಿದಾಗ ಅದು ಕ್ಯಾನ್ಸರ್ ಎಂದು ತಿಳಿಯಿತು. ಬಲದವಡೆಯ ಕೆಳಗಿನ ದುಗ್ಧರಸ ಗ್ರಂಥಿಗಳಿಗೂ ಹರಡಿತ್ತು; ಕತ್ತಿನ ಗಂಟು ಅದೇ.

ಡಾಕ್ಟರಮ್ಮ ಸುತ್ತಿಬಳಸಲಿಲ್ಲ. "ನಾಲಿಗೇಲಿ ಆ ಭಾಗ ತೆಗೀತೀವಿ, ಕತ್ತಿನ ಗಂಟುಗಳನ್ನೂ ತೆಗೀತೀವಿ. ಆಮೇಲೆ ರೇಡಿಯೇಷನ್, ಜೊತೆಗೆ ಕೀಮೋ. ಇನ್ನೊಂದು ವಿಷಯ. ಭುಜ ಎತ್ತೋ ನರ ಆ ಗಂಟುಗಳ ಮಧ್ಯಾನೇ ಹೋಗುತ್ತೆ. ಉಳಿಸೋಕೆ ನೋಡ್ತೀವಿ. ಅಂಟ್ಕೊಂಡಿದ್ರೆ ಕತ್ತರಿಸಲೇಬೇಕು."

"ಅದು ಬಲಗೈ, ಮೇಡಂ. ನನ್ನ ಅನ್ನಾನೇ ಅದು."

"ನೀವಿದ್ರೆ ತಾನೇ ನಿಮ್ಮ ಕೈ?" ಎಂದು ಹೆಂಡತಿ ಗದರಿದಳು. ಹೊರಗೆ ಬಂದ ಮೇಲೆ ಅವಳು ಗೋಡೆಗೆ ಮುಖಮಾಡಿ ಅತ್ತಿದ್ದನ್ನು ಅವನು ನೋಡಿಯೂ ನೋಡದವನಂತೆ ನಿಂತ.

ಆಪರೇಷನ್ನಿನಲ್ಲಿ ನರ ಉಳಿಯಲಿಲ್ಲ. ಗಾಯ ಮಾಗಿದ ಮೇಲೆ ರೇಡಿಯೇಷನ್ ಶುರುವಾಯಿತು. ಮುಖಕ್ಕೆ ಜಾಲರಿಯ ಮುಖವಾಡ ಹಾಕಿ ಮೇಜಿಗೆ ಬಿಗಿಯುತ್ತಿದ್ದರು. ಗಿರಾಕಿಗಳಿಗೆ "ಅಲ್ಲಾಡ್ಬೇಡಿ" ಎಂದು ಗೊಣಗುತ್ತಿದ್ದವನು ಈಗ ತಾನೇ ಉಸಿರು ಬಿಗಿಹಿಡಿದು ಮಲಗಿರುತ್ತಿದ್ದ. ಬಾಯಿಯೆಲ್ಲ ಬೆಂದು, ನೀರು ನುಂಗಿದರೂ ಕಣ್ಣು ತುಂಬುತ್ತಿತ್ತು. ಒಂದು ಬೆಳಿಗ್ಗೆ "ಸಾಕು, ನಾನು ಬರಲ್ಲ" ಎಂದು ಹಟ ಹಿಡಿದು ಕುಳಿತುಬಿಟ್ಟ. ಹೆಂಡತಿ ಅವನ ಚಪ್ಪಲಿ ತಂದು ಕಾಲ ಬಳಿ ಇಟ್ಟಳು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಎದ್ದು ಹೊರಟ.

ಚಿಕಿತ್ಸೆ ಮುಗಿದಾಗ ಕೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ದಿನವೂ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವ ವ್ಯಾಯಾಮ ಮಾಡಿದ. ಅಲ್ಪಸ್ವಲ್ಪ ಏರಿತು, ಆಮೇಲೆ ಅಲ್ಲೇ ನಿಂತಿತು. ಬಡಗಿ ಕೆಲಸದ ಭಾವಮೈದುನ, ಕೈ ಎತ್ತದೆಯೇ ಗಿರಾಕಿಯ ತಲೆ ಎಟುಕುವಂತೆ ಒಂದು ಗಿಡ್ಡ ಕುರ್ಚಿ ಮಾಡಿ ಅಂಗಡಿಗೆ ತಂದ. ಮೊದಲ ಗಿರಾಕಿಯಾಗಿ ತಾನೇ ಕುಳಿತಾಗ ಮೊಣಕಾಲು ಗಲ್ಲಕ್ಕೆ ಬಂತು.

"ಭಾವ, ನಂಗೆ ಎರಡೂ ಕಿವಿ ಬೇಕು."

"ಬಾಯ್ಮುಚ್ಚು," ಎಂದು ತೊದಲಿದ ಕ್ಷೌರಿಕ. ಎಡಗಡೆ ಕೂದಲು ತುಸು ಹೆಚ್ಚೇ ಹೋಯಿತು. ಸರಿಮಾಡಲು ಹೋಗಿ ಬಲಗಡೆಯೂ ಹೋಯಿತು. ಭಾವಮೈದುನ ಕನ್ನಡಿ ನೋಡಿಕೊಂಡು, "ಬೇಸಿಗೆಗೆ ಒಳ್ಳೇದು" ಎಂದ.

ಕೆಲವು ತಿಂಗಳ ನಂತರದ ಸ್ಕ್ಯಾನಿನಲ್ಲಿ ರೋಗ ಎಲ್ಲೂ ಕಾಣಲಿಲ್ಲ. "ಸದ್ಯಕ್ಕೆ ಚೆನ್ನಾಗಿದೆ. ಆದ್ರೂ ತೋರಿಸ್ತಾ ಇರ್ಬೇಕು," ಎಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ಹೆಂಡತಿ ಫೋನ್ ತೆಗೆದಳು. "ಎಲ್ಲರಿಗೂ ಹೇಳ್ಲಾ?"

"ನಾಳೆ ಹೇಳು," ಎಂದ ಅವನು. "ಇವತ್ತೊಂದಿನ ನಮ್ಮಿಬ್ರಲ್ಲೇ ಇರ್ಲಿ."